ಹೊಳೆಯುವ ನೆಲದ ಧೂಳು

ಮಲಪ್ರಭೆಯ ದಂಡೆಯ ಮೇಲೆ ಒಂದು ಪುಟ್ಟ ಆಶ್ರಮ. ಅಲ್ಲಿನ ಪ್ರಾರ್ಥನಾ ಮಂದಿರಕ್ಕೆ ಕಾಂಕ್ರೀಟ್ ನೆಲ ಹಾಕಿದವನು ಈರಭದ್ರ. ಶಿಷ್ಯನಾಗುವ ಮೊದಲು ಹದಿನೈದು ವರ್ಷ ಗೌಂಡಿಯಾಗಿದ್ದವನು. ಹಾಕಿದ ದಿನ ನೆಲ ಹೊಳೆದಿತ್ತು, ಅವನ ಮುಖವೂ.

ಎರಡೇ ತಿಂಗಳು. ಕೂತೆದ್ದವರ ಬಟ್ಟೆಯೆಲ್ಲ ಬೂದಿ ಬಣ್ಣವಾಗತೊಡಗಿತು.

ಅಷ್ಟರಲ್ಲಿ ಹೊಳೆಯಾಚೆಯ ಶಾಲೆಯ ಹೆಡ್‌ಮಾಸ್ತರರು ಬಂದು, ಮಕ್ಕಳ ಕೋಣೆಗೂ ನೆಲ ಹಾಕಿಸಿಕೊಡಿ ಎಂದು ಕೇಳಿ ಹೋದರು. ಈರಭದ್ರನನ್ನು ಕಳಿಸುತ್ತೇನೆಂದು ಗುರುಗಳು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಅಜ್ಜಾರ, ದಿನಾ ಮೂರು ಸಲ ಕಸ ಹೊಡೀತೀನ್ರಿ. ಆದ್ರೂ ಈ ಧೂಳು ಎಲ್ಲಿಂದ ಬರ್ತೈತಿ?" ಎಂದು ಗುರುಗಳನ್ನು ಕೇಳಿದ.

"ಬಾಗಲಾ, ಕಿಟಕಿ ಮುಚ್ಚಿ ನೋಡು."

ಎರಡು ದಿನ ಮುಚ್ಚಿಟ್ಟ. ಒಳಗೆ ತಾನೊಬ್ಬನೇ ಓಡಾಡಿ ಅಂಗಾಲು ನೋಡಿಕೊಂಡ. ಬೂದಿ ಮೆತ್ತಿದಂತಿತ್ತು.

"ಇದು ಗಾಳಿ ತಂದಿದ್ದಲ್ರಿ."

ಗುರುಗಳು ಒಂದು ಮೊಳೆ ಕೊಟ್ಟರು. "ಕೆರಿ."

ಕೆರೆದ. ರಂಗೋಲಿ ಪುಡಿಯಂತೆ ಉದುರಿತು. ಇನ್ನಷ್ಟು ಕೆರೆದ, ಅಡಿಯಲ್ಲಿ ಮೊಳೆಯೇ ಜಾರಿತು. ಅಯ್ಯೋ, ಇಷ್ಟು ದಿನ ತಾನು ಗುಡಿಸಿ ಎಸೆದದ್ದು ನೆಲವನ್ನೇ!

"ಒಳಗೆ ಗಟ್ಟಿ ಐತಿ. ಮ್ಯಾಲಿಂದಷ್ಟೇ ಪೊಳ್ಳು. ಅವತ್ತು ಏನ್ ಮಾಡಿದ್ದಿ?"

ಈರಭದ್ರ ತಲೆ ತಗ್ಗಿಸಿದ. "ಹಸಿ ಕಾಂಕ್ರೀಟಿನ್ಯಾಗಿನ ನೀರು ಮ್ಯಾಲೆ ಬಂದಿತ್ರಿ. ಇಂಗೋತನಕ ಕಾಯಲಿಲ್ಲ. ಒಣಾ ಸಿಮೆಂಟ್ ಉದುರಿಸಿ ಕರಣೆ ಎಳದೆ, ಹೊಳಪು ಬಂತು. ಮರುದಿನ ಭಕ್ತರು ಬರೋರಿದ್ರು. ಗೋಣಿಚೀಲ ಹಾಸಿ ನೀರೂ ಉಣಿಸಲಿಲ್ಲ."

"ಈಗ?"

"ಮ್ಯಾಲೆ ಇನ್ನೊಂದು ತೆಳ್ಳನ ಪದರ ಎಳದು ಮುಚ್ಚಿಬಿಡ್ತೀನ್ರಿ."

ಗುರುಗಳು ಆ ಪುಡಿಯನ್ನು ಒಂದು ಕಲ್ಲಿನ ಮೇಲೆ ಹರವಿದರು. ಅದರ ಮೇಲೆ ಹಸಿಮಣ್ಣಿನ ಬಿಲ್ಲೆ ತಟ್ಟಿ ಕಲ್ಲನ್ನು ಓರೆ ಮಾಡಿದರು. ಬಿಲ್ಲೆ ಜಾರಿ ಅವನ ಕಾಲ ಬಳಿ ಬಿತ್ತು.

ಈರಭದ್ರ ಎಂಟು ದಿನ ಮಂಡಿಯೂರಿ, ಉಜ್ಜುಗಲ್ಲಿನಿಂದ ಪುಡಿಪದರವನ್ನೆಲ್ಲ ತೆಗೆದ. ತೊಳೆದು ಒಣಗಿಸಿ, ಪೇಟೆಯಿಂದ ಹಾರ್ಡನರ್ ದ್ರಾವಣ ತಂದು ನೆಲಕ್ಕೆ ಕುಡಿಸಿದ. ನೆಲ ಗಟ್ಟಿಯಾಯಿತು. ಹೊಳಪು ಮಾತ್ರ ಹೋಯಿತು, ಅದಕ್ಕೆ ಅವನಿಗೆ ಅಳುವೇ ಬಂತು.

ಗುರುಗಳು ಬರಿಗಾಲಲ್ಲಿ ಉದ್ದಕ್ಕೂ ನಡೆದು, ಗೋಡೆ ಹಿಡಿದು ಅಂಗಾಲು ಎತ್ತಿ ತೋರಿಸಿದರು. ಧೂಳಿರಲಿಲ್ಲ.

"ನಾಳೆ ಶಾಲಿಗೆ ಹೋಗೂಣು. ನೀರು ಮ್ಯಾಲೆ ಬಂದ್ರ ಏನ್ ಮಾಡ್ತಿ?"

"ಕಾಯ್ತೀನ್ರಿ."

"ಹೊಳಪಿನ ಆಸೆ ಬಂದ್ರ?"

"ಬರೂದ ಬರ್ತೈತ್ರಿ," ಎಂದ ಈರಭದ್ರ, ಸುಳ್ಳು ಹೇಳಲಾರದೆ.

ಗುರುಗಳು ಕೈ ಚಾಚಿದರು.

"ನೀರು ಇಂಗೋತನಕ ಕರಣೆ ನನ್ನ ಕೈಯಾಗಿರ್ಲಿ."