ಚಪ್ಪಲಿ ಮೆಟ್ಟಿ ಮಗ್ಗದ ಮನೆ ಹೊಕ್ಕವಳು

೨೧ ಫೆಬ್ರವರಿ ೧೯೬೩ರ ನನ್ನ ದಿನಚರಿಯಿಂದ.

“ಗುರುಗಳೇ, ನಾಳೆ ಪಾಳುಬಿದ್ದ ಪಾಠಶಾಲೆಯ ಬಾಗಿಲು ತೆರೆಯಬೇಕು. ಒಳಗೆಲ್ಲ ಬಾವಲಿ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಹೋದರೆ ಜನ ನನ್ನನ್ನು ಹೇಡಿ ಅನ್ನುವುದಿಲ್ಲವೇ?” ಎಂದು ಇಂದು ನನ್ನೆದುರೇ ಒಬ್ಬ ಶಿಷ್ಯ ಗುರುಗಳನ್ನು ಕೇಳಿದ.

ಗುರುಗಳು ಕತೆ ಹೇಳಿದರು.

ನೇಕಾರರ ಹೆಣ್ಣುಮಗಳೊಬ್ಬಳಿದ್ದಳು. ಅವಳ ಮಗ್ಗ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಉಳಿದದ್ದು ತಾಯಿಯ ಮಗ್ಗ ಒಂದೇ. ಅದು ಊರಾಚೆಯ ಹಳೆಯ ಮಗ್ಗದ ಮನೆಯಲ್ಲಿತ್ತು. ಆ ಮನೆಗೆ ಬೀಗ ಬಿದ್ದು ತಲೆಮಾರು ಕಳೆದಿತ್ತು. ಬಾವಲಿಗಳು ಅಲ್ಲಿ ಸಂಸಾರ ಹೂಡಿದ್ದವು. ಮಗ್ಗ ಕೈಗೆ ಬಂದರೆ ಕಸುಬು ಉಳಿಯುತ್ತದೆ. ಇಲ್ಲವಾದರೆ ಕಂಡವರ ಮನೆಯ ಮುಸುರೆ ತಿಕ್ಕಬೇಕು.

ಮೊದಲು ಅವಳ ಅಣ್ಣ ಹೋದ. ನೇಕಾರರಿಗೆ ಮಗ್ಗದ ಮನೆಯೆಂದರೆ ಗುಡಿ. ಅವನು ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ, ಕೈಮುಗಿದ, ಪೊರಕೆ ಹಿಡಿದು ರಪರಪನೆ ಗುಡಿಸಿದ. ಒಣಗಿದ ಹಿಕ್ಕೆ ಪುಡಿಯಾಗಿ ಮೇಲೆದ್ದಿತು. ಉಸಿರುಕಟ್ಟಿ ಬರಿಗೈಲಿ ಹೊರಗೆ ಬಂದ. ಕೆಲವೇ ದಿನಗಳಲ್ಲಿ ಜ್ವರ ಬಂತು, ಕೆಮ್ಮು ಹತ್ತಿತು.

“ಮಗ್ಗ ಮುನಿದಿದೆ” ಎಂದಿತು ಊರು.

“ಮುನಿಸಲ್ಲ, ಹಿಕ್ಕೆಯ ಧೂಳು. ಉಸಿರಿನ ಜೊತೆ ಎದೆಗಿಳಿದಿದೆ” ಎಂದರು ವೈದ್ಯರು.

ತಂಗಿ ಆ ಮಾತನ್ನು ಗಟ್ಟಿಯಾಗಿ ಹಿಡಿದಳು. ಮಗ್ಗದ ಮನೆಯ ಬಾಗಿಲು, ಕಿಟಕಿಗಳನ್ನು ಹೊರಗಿನಿಂದಲೇ ತೆರೆದಿಟ್ಟು ಗಾಳಿಯಾಡಲು ಬಿಟ್ಟಳು. ಹಳೆಯ ಸೀರೆ ಹರಿದು, ಮಡಿಕೆ ಮೇಲೆ ಮಡಿಕೆ ಹಾಕಿ ಮೂಗುಬಾಯಿಗೆ ಬಿಗಿದಳು. ಕಾಲಿಗೆ ಚಪ್ಪಲಿ ಮೆಟ್ಟಿದಳು. ಪೊರಕೆ ಬಿಟ್ಟು ನೀರಿನ ಕೊಡ ಎತ್ತಿದಳು.

ಓಣಿಯ ಹಿರಿಯನೊಬ್ಬ ಅಡ್ಡ ಬಂದ. “ಏನವ್ವಾ, ಮದುಮಗಳ ಹಂಗೆ ಮುಸುಕು ಹಾಕ್ಕೊಂಡು ಹೊರಟೀಯಲ್ಲ! ಚಪ್ಪಲಿ ಕಾಲಲ್ಲಿ ಹೋದ್ರೆ ಮಗ್ಗ ಸುಮ್ನೆ ಬಿಟ್ಟೀತಾ?”

ನೆರೆದವರು ಗೊಳ್ಳೆಂದು ನಕ್ಕರು.

“ಬೈಯಲಿ ಬಿಡು ದೊಡ್ಡಪ್ಪಾ. ಬೈಸಿಕೊಳ್ಳೋಕೆ ನಾನು ಬದುಕಿರಬೇಕಲ್ಲ” ಎಂದು ಅವಳು ಒಳಗೆ ನಡೆದಳು.

ನೆಲಕ್ಕೆ ಮೆಲ್ಲಗೆ ನೀರು ಚಿಮುಕಿಸಿದಳು. ಹಿಕ್ಕೆ ಚೆನ್ನಾಗಿ ನೆನೆದ ಮೇಲೆ ಸಲಿಕೆಯಿಂದ ಎತ್ತಿ ಗುಂಡಿಯಲ್ಲಿ ಹೂತಳು. ಮಗ್ಗದ ಒಂದೊಂದು ಮರವನ್ನೂ ಹೊರತಂದು ತೊಳೆದು ಬಿಸಿಲಿಗಿಟ್ಟಳು. ಚಪ್ಪಲಿ, ಮುಸುಕು ಎರಡನ್ನೂ ಸುಟ್ಟು, ಮಿಂದು ಮನೆಯೊಳಗೆ ಬಂದಳು. ಅವಳಿಗೆ ಒಂದು ಸೀನೂ ಬರಲಿಲ್ಲ.

ಯುಗಾದಿಗೆ ಅವಳ ಮನೆಯಲ್ಲಿ ಮಗ್ಗ ಎದ್ದು ನಿಂತಿತು. ಲಾಳಿಯ ಸದ್ದಿಗೆ ಓಣಿಯೇ ಬಾಗಿಲಿಗೆ ಬಂತು. ಅಣ್ಣ ಹಾಸಿಗೆಯಲ್ಲಿ ಎದ್ದು ಕುಳಿತು, “ನೇಯಿ ತಂಗೀ, ನೇಯಿ!” ಎಂದು ಕೂಗಿದ. ಮೊದಲ ಸೀರೆಯನ್ನು ಆ ಹಿರಿಯನೇ ತಲೆಯ ಮೇಲೆ ಹೊತ್ತು ಊರೆಲ್ಲ ತೋರಿಸಿ ಬಂದ.

“ಆದರೂ ಅಷ್ಟು ಜನ ನಕ್ಕರಲ್ಲ, ಗುರುಗಳೇ” ಎಂದ ಶಿಷ್ಯ.

ಗುರುಗಳು ಹೇಳಿದರು: “ಅವಳಿಗೆ ಖರ್ಚಾದದ್ದು ಒಂದು ಹಳೆಯ ಸೀರೆ, ಒಂದು ಜೊತೆ ಚಪ್ಪಲಿ, ಒಂದು ಗಳಿಗೆಯ ನಗೆಪಾಟಲು; ಇದರಲ್ಲಿ ನಿನಗೆ ದುಬಾರಿಯಾದದ್ದು ಯಾವುದು?”