ಜೀತಮ್ಮನ ಕಲ್ಲು

ಅರುಳಾಪುರದ ಕೆರೆಯಿಂದ ದಿಬ್ಬದ ಮೇಲಿನ ದೊಡ್ಡಮನೆಗೆ ಹತ್ತುವ ದಾರಿಯ ನಡುವೆ, ಹುಣಸೆಮರದ ಬುಡದಲ್ಲಿ, ಎದೆಯೆತ್ತರದ ಒಂದು ಚಪ್ಪಟೆ ಕಲ್ಲಿದೆ. ಹೊರೆ ಹೊತ್ತವರು ಯಾರ ನೆರವೂ ಇಲ್ಲದೆ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊರಲು ಹೇಳಿ ಮಾಡಿಸಿದಂತಿದೆ. ಅದರ ಹೆಸರು ಜೀತಮ್ಮನ ಕಲ್ಲು. ಚರ್ಚಿನವರು ಈಚೆಗೆ ‘ಸಂತ ಝೀಟಾ ಕಟ್ಟೆ’ ಎಂದು ಫಲಕ ಬರೆಸಿದ್ದಾರೆ. ಊರಿನವರ ಬಾಯಿಗೆ ಅದು ಹತ್ತಿಲ್ಲ, ಹತ್ತುವುದೂ ಇಲ್ಲ.

ಹಿಂದೆ ಒಮ್ಮೆ, ಚೌರಪ್ಪ ದೊಡ್ಡಮನೆಯ ಯಜಮಾನನಾಗಿದ್ದ ಕಾಲದಲ್ಲಿ, ಇನ್ನಾಸಮ್ಮ ಎಂಬ ಹೆಂಗಸು ಅಲ್ಲಿ ಜೀತಕ್ಕಿದ್ದಳು. ಕೋಳಿ ಕೂಗುವ ಮೊದಲು ಹೊತ್ತ ಕೊಡ ದೀಪ ಹಚ್ಚುವವರೆಗೂ ಅವಳ ತಲೆ ಬಿಡುತ್ತಿರಲಿಲ್ಲ. ದಣಿದು ದಣಿದು, ದಣಿದಿದ್ದೇನೆ ಎಂದು ಹೇಳುವುದನ್ನೂ ಮರೆತಿದ್ದಳು, ಪಾಪ. ಒಂದು ಭಾನುವಾರ ಚರ್ಚಿನ ಪೂಜೆಯಲ್ಲಿ ಪರದೇಶದ ಗುರುಗಳು, ತಮ್ಮ ಸೀಮೆಯ ಲುಕ್ಕಾ ಪಟ್ಟಣದಲ್ಲಿ ಮನೆಗೆಲಸ ಮಾಡಿಕೊಂಡೇ ಸಂತಳಾದ ಝೀಟಾಳ ಕಥೆ ಹೇಳಿದರು. ಒಡೆಯನ ಮನೆಯ ರೊಟ್ಟಿಯನ್ನು ಬಡವರಿಗೆ ಒಯ್ಯುವಾಗ ಸಿಕ್ಕಿಬಿದ್ದಳಂತೆ, ಮಡಿಲು ಬಿಚ್ಚಿದರೆ ರೊಟ್ಟಿಯೆಲ್ಲ ಹೂವಾಗಿತ್ತಂತೆ. ಗುರುಗಳ ಕನ್ನಡವೋ ಅಷ್ಟಕ್ಕಷ್ಟೆ. ಹಿಂದೆ ಕುಳಿತು ತೂಕಡಿಸುತ್ತಿದ್ದ ಇನ್ನಾಸಮ್ಮನ ಕಿವಿಗೆ ಬಿದ್ದದ್ದು ‘ಜೀತಾ’ ಎಂದು. ಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತು, “ಸ್ವಾಮ್ಯೋರೆ, ಜೀತದೋರಲ್ಲೂ ಒಬ್ಬಳು ಸಂತಮ್ಮ ಆದ್ಲಾ?” ಎಂದು ಕೇಳಿದಳು. ಗುರುಗಳು ಅರ್ಥವಾದವರಂತೆ ತಲೆಯಾಡಿಸಿದರು.

ಆ ಬೇಸಗೆಯಲ್ಲಿ ದೂರದಿಂದ ನಡೆದು ಬಂದ ಕೂಲಿಯವರ ಗುಂಪೊಂದು ಚಳಿಜ್ವರ ಹತ್ತಿ ಹುಣಸೆಮರದ ಕೆಳಗೆ ಬಿದ್ದುಕೊಂಡಿತು. ಕೆರೆಗಿಳಿಯುವ ತ್ರಾಣ ಅವರಲ್ಲಿರಲಿಲ್ಲ, ಊರಿನವರು ಹೆದರಿ ಹತ್ತಿರ ಸುಳಿಯಲಿಲ್ಲ. ಇನ್ನಾಸಮ್ಮ ಹತ್ತುವಾಗಲೆಲ್ಲ ಅವರಿಗೆ ಬೊಗಸೆ ಬೊಗಸೆ ನೀರು ಹೊಯ್ದಳು. ಕೊಡ ಅರ್ಧವಾಗಿ ಮನೆ ಸೇರುತ್ತಿದ್ದುದನ್ನು ಚೌರಪ್ಪ ಕಂಡ. “ನಾಳೆ ಕೊಡ ತುಂಬಿ ಬರ್ಲಿಲ್ಲ ಅಂದ್ರೆ ನಿನ್ನ ಗುಡಿಸ್ಲು ಖಾಲಿ ಮಾಡು” ಎಂದ.

ಮರುದಿನವೂ ಅವಳು ಹೊಯ್ದಳು. ಆಮೇಲೆ ಕಲ್ಲಿನ ಮೇಲೆ ಕೊಡವಿಟ್ಟು, “ಜೀತಮ್ಮಾ, ನೀನು ನಮ್ಮೋಳು. ಹೂವು ಗೀವು ಬ್ಯಾಡ. ಕೊಡ ತುಂಬ್ಸು ಸಾಕು. ಇನ್ನೊಂದು ದಪ ಕೆರೆಗಿಳಿಯಾಕೆ ಕಾಲು ಬರಾಕಿಲ್ಲ” ಎಂದಳು. ಕೊಡ ತುಂಬಲಿಲ್ಲ. ಮೇಲಿನಿಂದ ಇಳಿದು ಬಂದ ಚೌರಪ್ಪ ಅದರೊಳಗೆ ಇಣುಕಿದ.

“ಕೊಟ್ಟೆ ಬುದ್ದಿ. ಬಾಯಾರಿದ್ರು.”

“ಕೊಡ ತುಂಬಿ ತರೋದು ಹೆಂಗೆ ಅಂತ ತೋರಿಸ್ತೀನಿ, ಇರು.” ಸಿಟ್ಟಿನಿಂದ ತಾನೇ ಕೆರೆಗಿಳಿದ. ತುಂಬಿದ ಕೊಡ ಹೊತ್ತು ಕಲ್ಲಿನವರೆಗೆ ಬರುವಷ್ಟರಲ್ಲಿ ಕತ್ತು ನಡುಗಿ, ತೊಡೆ ಸೋತು, ಕೊಡವನ್ನು ಇಳಿಸಿ ಕುಸಿದು ಕುಳಿತ. ಕಣ್ಣು ತೆರೆಯಲಾಗದ ಒಬ್ಬ ಮುದುಕ ಸದ್ದು ಕೇಳಿ ಬೊಗಸೆಯೊಡ್ಡಿದ. “ಅವ್ವಾ, ವಸಿ ನೀರು.” ಅವ್ವ ಯಾರೆಂದು ಚೌರಪ್ಪ ಸುತ್ತ ನೋಡಿದ. ಇನ್ನಾಸಮ್ಮ ಮರಕ್ಕೊರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಎಬ್ಬಿಸಲು ಅವನಿಗೆ ಮನಸ್ಸು ಬರಲಿಲ್ಲ.

ಅವಳು ಎದ್ದಾಗ ರೋಗಿಗಳೆಲ್ಲ ನೀರು ಕುಡಿದು ಮಲಗಿದ್ದರು, ಕೊಡ ಕಂಠಮಟ್ಟ ತುಂಬಿತ್ತು ಎನ್ನುತ್ತಾರೆ. ಜೀತಮ್ಮನೇ ತುಂಬಿಸಿದಳೆಂದು ಇನ್ನಾಸಮ್ಮ ಸಾಯುವವರೆಗೂ ನಂಬಿದ್ದಳು. ಆ ದಿನದಿಂದ ಅವಳ ತಲೆಗೆ ಯಾರೂ ಕೊಡ ಹೊರಿಸಲಿಲ್ಲ. ತಾನು ಎರಡನೆಯ ಸಲ ಕೆರೆಗಿಳಿದದ್ದನ್ನು ಚೌರಪ್ಪ ಅವಳ ಮಣ್ಣಾದ ಮೇಲಷ್ಟೇ ಸೊಸೆಗೆ ಹೇಳಿದನಂತೆ.

ಈಗ ಊರಿಗೆ ನಲ್ಲಿ ಬಂದಿದೆ. ಆದರೂ ಆ ಕಲ್ಲಿನ ಮೇಲೆ ದಾರಿಹೋಕರಿಗೆಂದು ಒಂದು ತುಂಬಿದ ಕೊಡ ಇದ್ದೇ ಇರುತ್ತದೆ. ಅದನ್ನು ಕೆರೆಯಿಂದ ಹೊತ್ತು ತರುವವರು ದೊಡ್ಡಮನೆಯವರೇ, ಆಳುಗಳಲ್ಲ. ಬೆಳಗಾದರೆ ಆ ಮನೆಯ ಹಜಾರದಲ್ಲಿ ಮೊದಲು ಕೇಳುವ ಮಾತು, “ಇವತ್ತು ಜೀತ ಯಾರದು?”