ಹಕ್ಕಿಪಾಲು ದಿಬ್ಬ

ತೆಂಕಬೇಲೆಯ ಅಳಿವೆಯಲ್ಲಿ ಈಗ ಬಂದರಿನ ಕಲ್ಲುಗೋಡೆ, ಐಸ್ ಫ್ಯಾಕ್ಟರಿ, ದೀಪ ಝಗಝಗಿಸುವ ರೆಸಾರ್ಟ್ ಎಲ್ಲವೂ ಇವೆ. ಇವುಗಳ ನಡುವೆ ಒಂದು ಮರಳು ದಿಬ್ಬ ಹೇಗೋ ಉಳಿದುಕೊಂಡಿದೆ. ಚಳಿಗಾಲ ಬಂತೆಂದರೆ ಅಲ್ಲಿ ಕಡಲಕ್ಕಿ, ರೀವ, ಕೊಕ್ಕು ಬಾಗಿದ ಗೊರವ, ಅಲೆಯ ಹಿಂದೆಯೇ ಓಡಿ ಹುಳ ಹೆಕ್ಕುವ ಪುಟ್ಟ ಮರಳುಹಕ್ಕಿ ಎಲ್ಲ ಬಂದಿಳಿಯುತ್ತವೆ. ಅಬ್ಬಾ, ಆ ಗದ್ದಲ! ಊರವರು ಆ ದಿಬ್ಬವನ್ನು ಹಕ್ಕಿಪಾಲು ಎನ್ನುತ್ತಾರೆ.

ಹಿಂದೆ, ದೋಣಿಗೆ ಯಂತ್ರವಿಲ್ಲದ ಕಾಲದಲ್ಲಿ, ಮಂಜು ಕವಿದ ಬೆಳಗುಗಳಲ್ಲಿ ಮೀನುಗಾರರು ಕಿವಿಯಿಂದಲೇ ದಾರಿ ಹುಡುಕುತ್ತಿದ್ದರಂತೆ. ಹಕ್ಕಿಗಳ ಗದ್ದಲ ಕೇಳಿದತ್ತ ದೋಣಿ ತಿರುಗಿಸಿದರೆ ದಿಬ್ಬ, ದಿಬ್ಬದ ಪಕ್ಕದಲ್ಲೇ ಅಳಿವೆಯ ಬಾಯಿ. ಆ ದಿಬ್ಬದ ಮೇಲೆ ಮಂಕಾಳಿ ಎಂಬ ಹೆಂಗಸು ಮೀನು ಒಣಗಿಸುತ್ತಿದ್ದಳು. ಗಟ್ಟಿಗಿತ್ತಿ, ಬಾಯಿಯೂ ಅಷ್ಟೇ ಜೋರು. ಹರವಿದ ಮೀನಿಗೆ ಹಕ್ಕಿಗಳು ಬಾಯಿ ಹಾಕುವುದನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ವರ್ಷ ಗೂಟ ನೆಟ್ಟು ಹಳೆಯ ಬಲೆ ಕಟ್ಟಿ, ಜಾಗಟೆ ಬಡಿದು, ಹಕ್ಕಿಗಳಷ್ಟನ್ನೂ ಬಡಗಣ ಕರಿಬಂಡೆಗಳ ಕಡೆಗೆ ಅಟ್ಟಿಬಿಟ್ಟಳು. ಪೀಡೆ ತೊಲಗಿತೆಂದು ನೆಮ್ಮದಿಯಿಂದ ಮೀನು ಕಾದಳು.

ಕೆಲವೇ ದಿನಗಳಲ್ಲಿ ಒಂದು ಬೆಳಗ್ಗೆ ದಟ್ಟ ಮಂಜು ಬಿತ್ತು. ಅವಳ ಗಂಡ ಜಟ್ಟಿ ಆಳುಗಳೊಂದಿಗೆ ಕಡಲಿನಲ್ಲಿದ್ದ. ಹುಟ್ಟು ಹಾಕುವವರ ಹಾಡೇನೋ ಕೇಳಿಸಿತು. ಆದರೆ ಅದು ಸಾಗುತ್ತಿದ್ದುದು ದಿಬ್ಬದತ್ತ ಅಲ್ಲ, ಹಕ್ಕಿಗಳು ಕೂಗುತ್ತಿದ್ದ ಕರಿಬಂಡೆಗಳತ್ತ. ಮಂಕಾಳಿ ನೀರಿನಂಚಿಗೆ ಓಡಿದಳು. "ಅಯ್ಯೋ, ನಾನೇ ಅವನ್ನ ಅಲ್ಲಿಗೆ ಅಟ್ಟಿದ್ದು!" ಗಂಟಲು ಹರಿಯುವಂತೆ ಕೂಗಿದಳು. ಅಷ್ಟು ಜನರ ಹಾಡಿನಲ್ಲಿ ಅವಳೊಬ್ಬಳ ದನಿ ಯಾರಿಗೆ ಕೇಳಬೇಕು? ಬಲೆ ಕಿತ್ತೆಸೆದು, ಒಣಮೀನನ್ನು ಬೊಗಸೆ ಬೊಗಸೆಯಾಗಿ ಗಾಳಿಗೆ ತೂರತೊಡಗಿದಳು. ಅತ್ತೆ ಓಡಿಬಂದು ಕೈ ಹಿಡಿದಳು. "ಮರುಳು ಹಿಡೀತೇನೇ? ಮಳೆಗಾಲಕ್ಕೆ ಇರೋದು ಇದೊಂದೇ ಅಲ್ವೇನೇ!"

"ಉಣ್ಣೋಕೆ ನಿಮ್ಮ ಮಗ ಬರ್ಬೇಕಲ್ಲ ಅತ್ತೆ!"

ಅತ್ತೆ ಕೈ ಬಿಟ್ಟಳು, ತಾನೂ ತೂರಿದಳು. ಮೊದಲು ಒಂದು ಹಕ್ಕಿ ಬಂತು. ಅದರ ಕೂಗಿಗೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ. ಹುಟ್ಟಿನ ಹಾಡು ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಇತ್ತ ತಿರುಗಿ, ಹತ್ತಿರವಾಯಿತು. ದೋಣಿ ಮರಳಿಗೆ ತಾಗಿದಾಗ ದಿಬ್ಬದ ಮೇಲೆ ಒಂದು ಮೀನೂ ಉಳಿದಿರಲಿಲ್ಲ. ಆ ಮಳೆಗಾಲ ಅವರು ಬರೀ ಉಪ್ಪು ಗಂಜಿ ಉಂಡರಂತೆ, ಆದರೆ ಎಲ್ಲರೂ ಕೂತು ಉಂಡರು. ಅಂದಿನಿಂದ ಬಲೆಗಿಷ್ಟು, ದೋಣಿಗಿಷ್ಟು, ಆಳಿಗಿಷ್ಟು ಎಂದು ಮೀನು ಹಂಚುವ ಮೊದಲು ಹಕ್ಕಿಯ ಪಾಲು ತೆಗೆಯುವುದು ಕಟ್ಟಳೆಯಾಯಿತು ಎನ್ನುತ್ತಾರೆ.

ಈಗ ದೋಣಿಗಳಿಗೆ ದಾರಿ ತೋರಿಸಲು ಜಿಪಿಎಸ್ ಇದೆ. ಕಲ್ಲುಗೋಡೆ ಬಂದ ಮೇಲೆ ದಿಬ್ಬ ಅರ್ಧಕ್ಕರ್ಧ ಸವೆದಿದೆ. ಆದರೂ ಚಳಿಗಾಲದಲ್ಲಿ ಹೋದವರು ನೋಡಬಹುದು: ದೋಣಿ ದಡ ಸೇರಿದೊಡನೆ ಒಬ್ಬಾಕೆ ಮೊದಲ ಬೊಗಸೆ ಮೀನನ್ನು ದಿಬ್ಬಕ್ಕೆ ಎರಚುತ್ತಾಳೆ. ಹಕ್ಕಿಗಳು ಇಳಿದು ಗದ್ದಲವೆಬ್ಬಿಸುವ ತನಕ ಯಾರೂ ತಮ್ಮ ಪಾಲಿಗೆ ಕೈ ಹಾಕುವುದಿಲ್ಲ. ಈಚೀಚೆಗೆ ಆ ಗದ್ದಲಕ್ಕೆ ಬಹಳ ಹೊತ್ತು ಕಾಯಬೇಕಾಗುತ್ತದೆ. ಕಾಯುತ್ತಾರೆ.